ಮೇಲಿನ ಬಾಗಿಲಿನವನ ಬುತ್ತಿ

ಸಣ್ಣೀರನೆಂಬ ಅನಾಥ ಹುಡುಗ ರಾಜಕುಮಾರಿಯ ಒಗಟಿಗೆ ತಲೆಯೊಡ್ಡಿದ. ಆಮೇಲೆ ಏನಾಯಿತು, ಊಹಿಸಿ ನೋಡೋಣ! ಆಗಲಿಲ್ಲವೇ? ಹಾಗಾದರೆ ಡಂಗುರದಿಂದಲೇ ಶುರುಮಾಡುತ್ತೇನೆ.

"ಕೇಳಿರಯ್ಯಾ! ಊರಿಗೆ ನೀರೆತ್ತುವ ಮೋಟಾರಿನ ವಿದ್ಯುತ್ ಹಲಗೆ ಮತ್ತೆ ಸುಟ್ಟುಹೋಗಿದೆ. ಹೊಸದನ್ನು ರಾಜಕುಮಾರಿ ಚಿತ್ರಲೆಯೇ ಮಾಡಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವನು ಯಂತ್ರಪಾಲಕ, ಕೇಳಿದ ವರ ಅವನದು. ತಪ್ಪಿದವನ ತಲೆ ಸಂಜೆಗೆ ಉರುಳುತ್ತದೆ!"

ಮೊದಲು ಬಂದವನು ಸೇನಾಪತಿಯ ಮಗ. "ಯಜಮಾನನದು ಪಿಸುದನಿ, ಬಾಗಿಲೋ ಆನೆಬಾಗಿಲು. ನಡುವೆ ನಿಂತವನು ಪಿಸುಮಾತು ಕೇಳಿದೊಡನೆ ದಡಾರನೆ ತೆರೆಯುತ್ತಾನೆ, ದಡಾರನೆ ಮುಚ್ಚುತ್ತಾನೆ, ತಾನು ಮಾತ್ರ ದಾಟುವುದಿಲ್ಲ. ಯಾರವನು?" ಎಂದಳು ಚಿತ್ರಲೆ.

"ಇನ್ಯಾರು, ನಾನೇ!" ಎಂದ. ಭಟರು ಎಳೆದೊಯ್ದರು.

ಎರಡನೆಯವನು ಕೋಶಾಧಿಕಾರಿಯ ಅಳಿಯ. ಅವನು ಹೇಗೋ ಮೊದಲನೆಯದನ್ನು ಅವಳ ಕಿವಿಯಲ್ಲಿ ಸರಿಯಾಗಿ ಉಸುರಿದ. ಉತ್ತರ ಕಿವಿಯಲ್ಲೇ ಹೇಳಬೇಕೆಂಬುದು ಅಲ್ಲಿನ ನೇಮ. ಚಿತ್ರಲೆ ಎರಡನೆಯದನ್ನು ಕೇಳಿದಳು: "ಒಂದರ ಮೇಲೊಂದು ಎರಡು ಬಾಗಿಲು. ಸರದಿಯಲ್ಲಿ ತೆರೆದರೆ ಚಕ್ರ ತಿರುಗುತ್ತದೆ, ಒಟ್ಟಿಗೆ ತೆರೆದರೆ ಮನೆ ಬೂದಿ. ಆ ಮನೆ ಕಾಯುವುದು ಯಾವುದು?"

"ಬೀಗ," ಎಂದ.

"ಬೀಗ ಜಡಿದರೆ ಚಕ್ರ ತಿರುಗೀತೇನಪ್ಪ?" ಎಂದಳು ಚಿತ್ರಲೆ. ಅವನನ್ನೂ ಎಳೆದೊಯ್ದರು.

ಮೂರನೆಯವರು ಮೋಟಾರಿಗೆ ತಂತಿ ಸುತ್ತುವ ಮುದುಕ ರುದ್ರೋಜಿ. ಎರಡನ್ನು ದಾಟಿ ಮೂರನೆಯದಕ್ಕೆ ಸಿಕ್ಕಿಬಿದ್ದರು. "ಮೇಲಿನ ಬಾಗಿಲಿನವನು ನಿಂತ ನೆಲವೇ ಏರಿ ಇಳಿಯುತ್ತದೆ. ಏರಿದಾಗ ಉಗ್ರಾಣ ಅವನಿಗಿಂತ ಕೆಳಗೆ. ಅಲ್ಲಿ ಅವನಿಗೆ ಅನ್ನ ಹೇಗೆ?"

"ಉಗ್ರಾಣದಿಂದಲೇ ಹರಿಯುತ್ತದೆ ತಾಯಿ."

"ಕೆಳಗಿನದು ಮೇಲಕ್ಕೆ ಹರಿಯುವುದುಂಟೇ ಅಜ್ಜ?" ಎಂದು ಚಿತ್ರಲೆ ಮರುಗಿಯೇ ಕೇಳಿದಳಂತೆ. ಭಟರು ಅವರಿಗೂ ಸಂಕೋಲೆ ತೊಡಿಸಿದರು.

ರುದ್ರೋಜಿಯೆಂದರೆ ಸಣ್ಣೀರನಿಗೆ ಅನ್ನ, ಕಸುಬು ಎರಡನ್ನೂ ಕೊಟ್ಟವರು. ಸುದ್ದಿ ತಿಳಿದವನೇ ಎಣ್ಣೆ ಮೆತ್ತಿದ ಕೈಯಲ್ಲೇ ಅರಮನೆಗೆ ಓಡಿದ.

"ಹೋಗೋ ಪೆದ್ದಾ! ಒಂದು ತಲೆ ಸಾಲದೇ?" ಎಂದು ಮುದುಕರು ಸಂಕೋಲೆಯಲ್ಲೇ ಗದರಿದರು.

"ಸುಮ್ಮನಿರಿ ಅಜ್ಜ," ಎಂದು ಸಣ್ಣೀರ ಮೊದಲ ಎರಡನ್ನೂ ಅವಳ ಕಿವಿಯಲ್ಲಿ ಹೇಳಿ ಮುಗಿಸಿದ. ಮೂರನೆಯದೇ ಉಳಿಯಿತು. ಹೊತ್ತು ಇಳಿಯುತ್ತಿತ್ತು. ತಿರುಗಿ ರುದ್ರೋಜಿಯ ಮುಖ ನೋಡಿದ. ತಾನು ನೀರಗೋಪುರ ಹತ್ತುವ ಕೆಲಸ ಮಾಡುತ್ತಿದ್ದಾಗ, ಇಳಿದಾಗಲೆಲ್ಲ ಈ ಮುದುಕರು ಸೊಂಟದ ಡಬ್ಬಿಗೆ ಬುತ್ತಿ ತುಂಬಿ ಕಳಿಸುತ್ತಿದ್ದರಲ್ಲ! ನೇಮ ಮರೆತು ಕೂಗಿಯೇಬಿಟ್ಟ:

"ಕೆಳಗಿನ ಬಾಗಿಲು ತೆರೆದಾಗ ಮೇಲಿನವನ ನೆಲ ಇಳಿಯುತ್ತದೆ! ಆಗ ಅವನ ಪಕ್ಕದ ಡಬ್ಬಿ ಉಗ್ರಾಣದಿಂದ ತುಂಬಿಕೊಳ್ಳುತ್ತದೆ. ನೆಲ ಏರಿದರೆ ಡಬ್ಬಿಯೂ ಜೊತೆಗೇ ಏರುತ್ತದೆ. ಕೆಳಗಿನವನು ತೆರೆಯದಿದ್ದರೆ ಮೇಲಿನವನಿಗೆ ಉಪವಾಸವೇ ಗತಿ!"

"ಸರಿಯುತ್ತರ! ಇನ್ನು ಗುಟ್ಟೇಕೆ?" ಎಂದು ಚಿತ್ರಲೆ ಎದ್ದು ನಿಂತು ಹಲಗೆಯನ್ನು ಎಲ್ಲರಿಗೂ ತೋರಿಸಿದಳು. ಬಾಗಿಲುಗಳೆಂದರೆ ಮೋಟಾರಿಗೆ ವಿದ್ಯುತ್ತನ್ನು ಬಿಡುವ, ತಡೆಯುವ ಟ್ರಾನ್ಸಿಸ್ಟರ್‌ಗಳು. ಪಿಸುಮಾತಿನಂಥ ಸಣ್ಣ ಸಂಕೇತ ಕೇಳಿ ಅವನ್ನು ತೆರೆದು ಮುಚ್ಚುವವನು ಉಗುರಿನಷ್ಟು ಚಿಕ್ಕ, ಕರಿಯ ಗೇಟ್ ಡ್ರೈವರ್ ಚಿಪ್. ಮನೆ ಕಾಯುವುದು ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ನಡುವಿನ ಚೂರು ಬಿಡುವು. ಹಿಂದಿನ ಹಲಗೆಗಳು ಸುಟ್ಟುಹೋದದ್ದು ಅದನ್ನು ಮರೆತೇ. ಉಗ್ರಾಣವೆಂದರೆ ವಿದ್ಯುತ್ ಮೂಲ; ಬುತ್ತಿಯ ಡಬ್ಬಿ, ಚಿಪ್‌ನ ಮಗ್ಗುಲಲ್ಲಿ ವಿದ್ಯುತ್ ತುಂಬಿಟ್ಟುಕೊಳ್ಳುವ ಪುಟ್ಟ ಕೆಪಾಸಿಟರ್. ಗುಂಡಿ ಒತ್ತಿದಳು. ಮೋಟಾರು ಗುಂಯ್ ಎಂದಿತು, ಅರಮನೆಯ ಕಾರಂಜಿಗೆ ನೀರು ಬಂತು.

"ವರ ಕೇಳು," ಎಂದ ರಾಜ.

"ಆ ಮೂರು ತಲೆಗಳು ಇದ್ದಲ್ಲೇ ಇರಲಿ ಒಡೆಯಾ. ನನಗೆ ಉಣ್ಣಿಸಿದವರು ಅವರಲ್ಲಿದ್ದಾರೆ."

ರಾಜ ಮೂವರನ್ನೂ ಬಿಡಿಸಿ, ಯಂತ್ರಪಾಲಕನ ಪೇಟವನ್ನು ಸಣ್ಣೀರನಿಗೆ ಸುತ್ತಿಸಿದ. ರುದ್ರೋಜಿ ಬಂದು ಅವನ ಎಣ್ಣೆಗೈಯನ್ನು ಕಣ್ಣಿಗೊತ್ತಿಕೊಂಡರು. ಎಂಥಾ ಪುಣ್ಯದ ಸಂಜೆ ಅಂತೀರಿ! ಇದೆಲ್ಲ ನಡೆದದ್ದು ಮಾಘ ಶುದ್ಧ ಪಂಚಮಿ, ಗುರುವಾರ.