ಮೂಲೆಯ ಅಂಕಿ

"ಬುದ್ಧಿ, ಕೆಲಸಕ್ಕೂ ಆಟಕ್ಕೂ ಆಗುವಂಥ ಒಂದು ಮಾನಿಟರ್ ಆರಿಸಬೇಕಾಗಿದೆ. ಆರಿಸಿದ್ದು ಸರಿಯಾಗಿದೆ ಅಂತ ನನಗೆ ಖಾತ್ರಿಯಾಗೋದು ಹೇಗೆ?"

ನಿಜಗುಣ ಹೀಗೆ ಕೇಳಿದಾಗ ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಪ್ರಶ್ನೆಗೆ ಅವರು ನಗಲಿಲ್ಲ. ನಿಜಗುಣ ಮಠದ ಪುಸ್ತಕಗಳಿಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವವನು. ಸಂಜೆ ಅದೇ ಕಂಪ್ಯೂಟರಿನಲ್ಲಿ ಹಾಸ್ಟೆಲಿನವರ ಜೊತೆ ಕ್ರಿಕೆಟ್ ಆಡುವವನೂ ಅವನೇ. ಹಳೆಯ ಮಾನಿಟರ್ ಕೆಟ್ಟ ಮೇಲೆ ಭಕ್ತರೊಬ್ಬರು, ಯಾವುದು ಬೇಕೋ ಹೇಳಿ, ತಂದುಕೊಡುತ್ತೇನೆ ಎಂದಿದ್ದರು. ಅಂದಿನಿಂದ ಅವನ ನೆಮ್ಮದಿ ಹೋಯಿತು. ಇಂದು ಒಂದನ್ನು ಒಪ್ಪುತ್ತಾನೆ, ನಾಳೆ ಅದಕ್ಕಿಂತ ವೇಗದ್ದು ಇನ್ನೊಂದಿದೆ ಎಂದು ಗೊತ್ತಾಗುತ್ತದೆ. ಪುಸ್ತಕ ಅರ್ಧಕ್ಕೇ ನಿಂತಿತ್ತು, ಆಟವೂ ನಿಂತಿತ್ತು. ಇಷ್ಟು ಸಣ್ಣ ವಿಷಯಕ್ಕೆ ಗುರುಗಳ ಮುಂದೆ ಬರಲು ಅವನಿಗೆ ನಾಚಿಕೆಯಾಗಿತ್ತು. ಆದರೆ ತಪ್ಪು ಆರಿಸಿಬಿಡುವ ಭಯ ನಾಚಿಕೆಗಿಂತ ದೊಡ್ಡದಾಗಿತ್ತು.

"ಕೂತ್ಕೋ. ನೀನೂ ನಾಲ್ಕು ಸುಲಿ," ಎಂದು ಗುರುಗಳು ಮೊರವನ್ನು ಅವನ ಕಡೆ ಸರಿಸಿದರು. ಆಮೇಲೆ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಲಗ್ನಪತ್ರಿಕೆ ಮಾಡುವವನೊಬ್ಬನಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಜನ ಬಂದು ವಧುವರರ ಹೆಸರು, ಮುಹೂರ್ತ, ಕರೆಯುವ ಹಿರಿಯರ ಪಟ್ಟಿ ಕೊಡುತ್ತಿದ್ದರು. ಅವನು ಅದನ್ನು ಕಂಪ್ಯೂಟರಿನಲ್ಲಿ ಚೆಂದವಾಗಿ ಜೋಡಿಸಿ ಅಚ್ಚಿಗೆ ಕಳಿಸುತ್ತಿದ್ದ. ಅವನ ಹೆಂಡತಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಹಗಲೆಲ್ಲ ಬೇರೆಯವರು ಓಡಿಸುವ ಬಸ್ಸಿನಲ್ಲಿ ನಿಂತು ನಿಂತು ಅವಳಿಗೆ ಸ್ಟೀರಿಂಗಿನ ಮೇಲೆ ಬಹಳ ಆಸೆ. ಹಾಗಾಗಿ ಸಂಜೆ ಮನೆಗೆ ಬಂದು ಕಾಫಿ ಕುಡಿದವಳೇ ಗಂಡನ ಪಕ್ಕದ ಕುರ್ಚಿ ಎಳೆದುಕೊಳ್ಳುತ್ತಿದ್ದಳು. ಇಬ್ಬರೂ ಕಾರ್ ರೇಸಿನ ಆಟ ಆಡುತ್ತಿದ್ದರು. ಪರದೆಯಲ್ಲಿ ಎರಡು ಪಾಲು. ಮೇಲಿನ ರಸ್ತೆ ಅವನದು, ಕೆಳಗಿನ ರಸ್ತೆ ಅವಳದು.

ಹಗಲು ಒಬ್ಬರ ಮುಖ ಒಬ್ಬರು ನೋಡದವರಿಗೆ ಆ ಒಂದು ಗಂಟೆಯೇ ಸಂಸಾರ. ಬಸ್ಸಿನಲ್ಲಿ ಚಿಲ್ಲರೆಗಾಗಿ ಜಗಳ ತೆಗೆದವರ ವಿಷಯ, ಪತ್ರಿಕೆಯಲ್ಲಿ ತಮ್ಮ ಹೆಸರು ಮೇಲೆ ಬರಬೇಕೆಂದು ಹಟ ಹಿಡಿದ ಸೋದರಮಾವಂದಿರ ವಿಷಯ, ಎಲ್ಲವೂ ಆ ರಸ್ತೆಯ ತಿರುವುಗಳಲ್ಲೇ ಮಾತಾಗುತ್ತಿತ್ತು. ಅವಳು ಗೆದ್ದರೆ ಅವನು ಪಾತ್ರೆ ತೊಳೆಯಬೇಕು, ಅವನು ಗೆದ್ದರೆ ಅವಳು ತೊಳೆಯಬೇಕು. ಹೆಚ್ಚಾಗಿ ತೊಳೆಯುತ್ತಿದ್ದವನು ಅವನೇ. ಅದರ ಬಗ್ಗೆ ಅವನಿಗೆ ಬೇಸರವಿರಲಿಲ್ಲ.

ಅವರ ಮಾನಿಟರ್ ಹಳೆಯದಾಯಿತು. ಹೊಸದು ತರಲು ಅವನು ಪೇಟೆಗೆ ಹೋದ. ಹೋದವನು ನಿನ್ನಷ್ಟೇ ತಲೆ ಕೆಡಿಸಿಕೊಂಡ. ಕೆಲಸಕ್ಕೆ ಅಕ್ಷರ ಕಡೆದಿಟ್ಟ ಹಾಗೆ ಕಾಣಬೇಕು. ಪರದೆಯ ಮೇಲಿನ ಕುಂಕುಮದ ಬಣ್ಣ ಅಚ್ಚಾದ ಮೇಲೂ ಕುಂಕುಮವಾಗಿಯೇ ಇರಬೇಕು, ಇಟ್ಟಿಗೆಯ ಬಣ್ಣವಾಗಬಾರದು. ಆಟಕ್ಕೆ ರಸ್ತೆ ತಡವರಿಸದೆ ಓಡಬೇಕು. ಎರಡು ಪಾಲು ಮಾಡಿದರೂ ಇಬ್ಬರಿಗೂ ಸಾಲುವಷ್ಟು ಅಗಲ ಬೇಕು. ಅಂಗಡಿಯವನು ಎರಡು ಮಾನಿಟರುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ. ಒಂದರಲ್ಲಿ ಚಿತ್ರ ಸೆಕೆಂಡಿಗೆ ಅರವತ್ತು ಸಲ ಹೊಸದಾಗುತ್ತದೆ, ಇನ್ನೊಂದರಲ್ಲಿ ನೂರ ನಲವತ್ನಾಲ್ಕು ಸಲ. ಮೌಸ್ ಹಿಡಿದು ಪರದೆಯ ಮೇಲಿನ ಬಾಣವನ್ನು ಎರಡರಲ್ಲೂ ಗರಗರ ತಿರುಗಿಸಿದ. ಒಂದರಲ್ಲಿ ಬಾಣ ಹಾರಿ ಹಾರಿ ಹೋಯಿತು, ಇನ್ನೊಂದರಲ್ಲಿ ಜಾರಿಕೊಂಡು ಹೋಯಿತು. ನೋಡಿದವನಿಗೆ ಮನಸ್ಸು ಹಿಂದೆ ಬರಲಿಲ್ಲ. ಇದಕ್ಕಿಂತ ವೇಗದ್ದೂ ಇದೆ ಎಂದು ಅಂಗಡಿಯವನು ಶುರು ಮಾಡುವ ಮೊದಲೇ, ಬೇಡಪ್ಪ, ತೋರಿಸಲೇಬೇಡ ಎಂದು ನೂರ ನಲವತ್ನಾಲ್ಕರದ್ದನ್ನು ಕಟ್ಟಿಸಿಕೊಂಡ. ನನ್ನನ್ನು ಕೇಳಿದರೆ ಅವನ ಆಯ್ಕೆಯಲ್ಲಿ ಏನೂ ತಪ್ಪಿರಲಿಲ್ಲ. ಅಕ್ಷರ ಚೊಕ್ಕ, ಬಣ್ಣ ನಿಜ, ಓಟ ಸಲೀಸು. ಗೃಹಸ್ಥನೊಬ್ಬ ಯೋಚಿಸಬೇಕಾದಷ್ಟನ್ನು ಯೋಚಿಸಿದ್ದ.

ಮನೆಗೆ ತಂದು ಜೋಡಿಸಿದ. ಸಂಜೆ ಆಟ ಶುರುವಾಯಿತು. ಇಬ್ಬರಿಗೂ ಖುಷಿಯೋ ಖುಷಿ. "ನೋಡಿದ್ಯಾ ಹೇಗೆ ಜಾರ್ತಿದೆ?" ಎಂದು ಅವನು, "ನಮ್ಮ ಬಸ್ಸಿಗೂ ಇಂಥ ರಸ್ತೆ ಹಾಕಿಸ್ರೀ," ಎಂದು ಅವಳು. ಮಾಡಿದ ಖರ್ಚು ಸಾರ್ಥಕವಾಯಿತು ಎಂದು ಅವನ ಹೊಟ್ಟೆ ತಣ್ಣಗಾಯಿತು. ಹೀಗೇ ಬೇಸಿಗೆ ಕಳೆಯಿತು, ಮದುವೆಯ ಕಾಲವೂ ಕಳೆಯಿತು.

ಗೌರಿ ಹಬ್ಬಕ್ಕೆ ಹೆಂಡತಿಯ ತಮ್ಮ ತವರಿನ ಬಾಗಿನ ತಂದ. ಅವನಿಗೆ ಪೇಟೆಯಲ್ಲಿ ಕಂಪ್ಯೂಟರಿನದ್ದೇ ಕಸುಬು. ಭಾವ ತನ್ನ ಹೊಸ ಮಾನಿಟರನ್ನು ಹೊಗಳಿದ್ದೂ ಹೊಗಳಿದ್ದೇ. ಊಟ ಮುಗಿಸಿದ ತಮ್ಮ ಸುಮ್ಮನೆ ಇರಲಾರದೆ ಹೋಗಿ ಕಂಪ್ಯೂಟರಿನ ಸೆಟ್ಟಿಂಗ್ ತೆಗೆದು ನೋಡಿದ. ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಭಾವ, ಇದು ಮೊದಲಿಂದಲೂ ಅರವತ್ತರಲ್ಲೇ ಓಡ್ತಿದೆ. ಮಾನಿಟರ್ ತಂದರೆ ಆಗಲಿಲ್ಲ, ಇಲ್ಲಿ ಬಂದು ವೇಗ ಬದಲಾಯಿಸಬೇಕಿತ್ತು."

ಹಬ್ಬದ ಮನೆಯಲ್ಲಿ ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಅವನೂ ನಕ್ಕ, ಆದರೆ ಮುಖ ಸಪ್ಪಗಾಗಿತ್ತು. ಇಷ್ಟು ದಿನ ಜಾರುತ್ತಿದೆ ಎಂದು ತಾನು ಕಂಡದ್ದು ಏನು? ಹಳೆಯದರಷ್ಟೇ ಓಡುತ್ತಿದ್ದುದನ್ನು ಹೊಸದೆಂದು ಮೆಚ್ಚಿಕೊಂಡಿದ್ದ. ತನ್ನ ಕಣ್ಣೇ ತನಗೆ ಮಣ್ಣೆರಚಿದ ಹಾಗಾಯಿತು. ಬಾಮೈದನ ಮುಂದೆ ಆದ ಅವಮಾನಕ್ಕಿಂತ ಅದೇ ಅವನನ್ನು ಹೆಚ್ಚು ಕುಟುಕಿತು.

ಬಾಮೈದ ಒಳ್ಳೆಯವನು. ವೇಗವನ್ನು ನೂರ ನಲವತ್ನಾಲ್ಕಕ್ಕೆ ಏರಿಸಿದ. ಭಾವ ಮತ್ತೆ ಮೋಸಹೋಗಬಾರದೆಂದು ಪರದೆಯ ಮೇಲಿನ ಮೂಲೆಯಲ್ಲಿ ಒಂದು ಪುಟ್ಟ ಅಂಕಿಯನ್ನೂ ತಂದು ಕೂರಿಸಿದ. ಈ ಗಳಿಗೆಯಲ್ಲಿ ಚಿತ್ರ ಎಷ್ಟು ಸಲ ಹೊಸದಾಗುತ್ತಿದೆ ಎಂದು ಆ ಅಂಕಿ ಹೇಳುತ್ತದೆ. ಆಮೇಲೆ ಅಕ್ಕನಿಗೆ ನಮಸ್ಕಾರ ಮಾಡಿ, ಹೋಳಿಗೆ ಕಟ್ಟಿಸಿಕೊಂಡು ಊರಿಗೆ ಹೋದ. ಅಂಕಿ ಮಾತ್ರ ಮನೆಯಲ್ಲೇ ಉಳಿಯಿತು.

ಅಂದು ಸಂಜೆಯ ಓಟ ನಿಜವಾಗಿಯೂ ಚೆನ್ನಾಗಿತ್ತು. ಅದನ್ನು ಇಲ್ಲವೆನ್ನಬಾರದು. ಆದರೆ ಅವನು ರಸ್ತೆಯನ್ನು ನೋಡಿದ್ದು ಕಡಿಮೆ, ಮೂಲೆಯನ್ನು ನೋಡಿದ್ದು ಹೆಚ್ಚು. ಮಾರನೆಯ ಸಂಜೆಯೂ ಹಾಗೆಯೇ. ಅಂಕಿ ಸ್ವಲ್ಪ ಇಳಿದರೂ ಅವನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ, ಆದರೂ ಸುಮ್ಮನೆ ಬಿಡಲಾಗುತ್ತಿರಲಿಲ್ಲ. ಆಟ ನಿಲ್ಲಿಸಿ ಸೆಟ್ಟಿಂಗಿಗೆ ಹೋಗುತ್ತಿದ್ದ. ಮರ ತೆಗೆದ, ಬೆಟ್ಟ ತೆಗೆದ, ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುವ ಜನರನ್ನೂ ತೆಗೆದ. ಅಂಕಿ ಏರಿತು. ಬೋಳು ರಸ್ತೆಯಲ್ಲಿ ಎರಡು ಕಾರು ಉಳಿದವು. ಹೆಂಡತಿ ಕಾರು ಓಡಿಸುವ ಜಾಯ್‌ಸ್ಟಿಕ್ ಕೈಯಲ್ಲಿ ಹಿಡಿದು, ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವಳ ಹಾಗೆ ಕಾಯುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದರೆ, "ಒಂದ್ನಿಮಿಷ ಇರು," ಎನ್ನುತ್ತಿದ್ದ.

ಹಗಲಿನ ಕೆಲಸದಲ್ಲೂ ಅದೇ ಚಾಳಿ. ವಧುವಿನ ಹೆಸರು ಪರದೆಯ ಮೇಲೆ ಕದಲದೆ ನಿಂತಿರುತ್ತದೆ. ಅದನ್ನು ಸೆಕೆಂಡಿಗೆ ನೂರ ನಲವತ್ನಾಲ್ಕು ಸಲ ಹೊಸದಾಗಿ ತೋರಿಸಿದರೂ ಅದೇ ಹೆಸರು, ಅದೇ ವಧು. ಆದರೂ ಅವನ ಕಣ್ಣು ಮೂಲೆಯಲ್ಲೇ. ಒಂದು ದಿನ ಕರಡು ಪ್ರತಿ ಹಿಡಿದುಕೊಂಡು ಒಬ್ಬ ಮುದುಕರು ಬಂದರು. ವರನ ಅಜ್ಜ ಅವರು. ಪತ್ರಿಕೆಯಲ್ಲಿ ಅವರ ಹೆಸರಿನ ಹಿಂದೆ 'ದಿವಂಗತ' ಎಂದು ಜೋಡಿಸಿಬಿಟ್ಟಿದ್ದ. ಅದು ಇರಬೇಕಾದದ್ದು ಪಕ್ಕದ ಸಾಲಿನ ಹೆಸರಿಗೆ.

"ನಾನಿನ್ನೂ ಇದ್ದೀನಲ್ಲಪ್ಪ. ಮದುವೆ ಊಟ ಮುಗಿಸ್ಕೊಂಡು ಹೋಗೋಣ ಅಂತಿದ್ದೆ," ಎಂದರು ಮುದುಕರು.

ಅವರ ಕಾಲಿಗೆ ಬಿದ್ದು ತಿದ್ದಿಕೊಟ್ಟ. ಕಸುಬು ಹಿಡಿದಂದಿನಿಂದ ಇಂಥ ತಪ್ಪು ಅವನ ಕೈಯಿಂದ ಆಗಿರಲಿಲ್ಲ.

ಆ ಸಂಜೆ ಹೆಂಡತಿ ಬಂದಳು, ಕಾಫಿ ಕುಡಿದಳು, ಕುರ್ಚಿ ಎಳೆದುಕೊಳ್ಳಲಿಲ್ಲ. ಸುಸ್ತು ಎಂದು ಹೊರಗಿನ ಜಗಲಿಯ ಮೇಲೆ ಹೋಗಿ ಕೂತಳು. ಮರುದಿನವೂ ಜಗಲಿ. ಅದರ ಮರುದಿನವೂ ಜಗಲಿ. ಅವನು ಒಬ್ಬನೇ ಆಡಲು ಕೂತ. ಅಂಕಿ ನೂರ ನಲವತ್ನಾಲ್ಕರಿಂದ ಒಂದಿಷ್ಟೂ ಅಲುಗಲಿಲ್ಲ. ಇಷ್ಟು ದಿನ ಅವನು ಬಯಸಿದ್ದು ಅದನ್ನೇ. ಆದರೆ ಪಕ್ಕದ ಕುರ್ಚಿ ಖಾಲಿಯಿತ್ತು, ಕೆಳಗಿನ ರಸ್ತೆಯೂ ಖಾಲಿಯಿತ್ತು. ಅವನಿಗೆ ಒಮ್ಮೆಲೇ ಹೆದರಿಕೆಯಾಯಿತು. ಅವಳು ಹೀಗೇ ಜಗಲಿಗೆ ಒಗ್ಗಿಕೊಂಡುಬಿಟ್ಟರೆ ತನಗೆ ಉಳಿಯುವುದು ಏನು ಎಂದು ಅನ್ನಿಸಿತು. ಎದ್ದು ಹೊರಗೆ ಹೋದ.

"ಬಾ, ಒಂದು ಆಟ ಆಡೋಣ," ಎಂದ.

"ನೀವು ನನ್ನ ಜೊತೆ ಎಲ್ಲಿ ಆಡ್ತಿದ್ದೀರಿ? ಆ ಮೂಲೆ ಜೊತೆ ಆಡ್ತಿದ್ದೀರಿ. ಮೊನ್ನೆ ನಾನು ಗೆದ್ದಿದ್ದೂ ನೀವು ನೋಡಲಿಲ್ಲ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಇಷ್ಟು ನಾಟುತ್ತಿರಲಿಲ್ಲ.

ಅವನು ಅವಳ ಪಕ್ಕದಲ್ಲಿ ಕೂತು ಮನಸ್ಸಿನಲ್ಲಿದ್ದುದನ್ನು ಹೇಳಿದ. "ಮತ್ತೆ ಅರವತ್ತಾಗಿ, ಮತ್ತೆ ನನಗೆ ಗೊತ್ತೇ ಆಗದಿದ್ರೆ?"

ಹೆಂಡತಿ ಗಂಡನ ಮುಖ ನೋಡಿದಳು. ಪಾಪ ಎನ್ನಿಸಿತು. ಎದ್ದು ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತಳು. ನಮ್ಮ ಹೆಂಗಸರು ಹಣೆಯ ಬೊಟ್ಟುಗಳನ್ನು ಕನ್ನಡಿಯ ಅಂಚಿಗೆ ಅಂಟಿಸಿಟ್ಟುಕೊಳ್ಳುತ್ತಾರಲ್ಲ, ಅವುಗಳಲ್ಲಿ ಹಬ್ಬಕ್ಕೆ ಇಟ್ಟುಕೊಳ್ಳುವ ಅಗಲವಾದದ್ದೊಂದನ್ನು ಕಿತ್ತಳು. ಕಂಪ್ಯೂಟರಿನ ಹತ್ತಿರ ಬಂದು, ಮಾನಿಟರಿನ ಮೂಲೆಯ ಅಂಕಿಯ ಮೇಲೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ಕುರ್ಚಿ ಎಳೆದುಕೊಂಡು ಕೂತಳು.

ಮೊದಲ ಸುತ್ತಿನಲ್ಲಿ ಅವನ ಕಣ್ಣು ಅಭ್ಯಾಸಬಲದಿಂದ ಮೂಲೆಗೆ ಹೋಯಿತು. ಅಲ್ಲಿ ಕೆಂಪು ಬೊಟ್ಟು ಕಂಡಿತು. ಮತ್ತೆ ಹೋಯಿತು, ಮತ್ತೆ ಬೊಟ್ಟು. ನೋಡಲು ಏನೂ ಇಲ್ಲದೆ ಕಣ್ಣು ರಸ್ತೆಗೆ ವಾಪಸಾಯಿತು. ಅಷ್ಟರಲ್ಲಿ ಅವಳ ಕಾರು ಬಹಳ ಮುಂದೆ ಹೋಗಿತ್ತು. ಹಿಂದಿನಿಂದ ಓಡಿಸಿಕೊಂಡು ಹೋದ, ತಿರುವಿನಲ್ಲಿ ಹಳ್ಳಕ್ಕೆ ಬಿದ್ದ. ಹೆಂಡತಿ ಕಂಡಕ್ಟರ್ ದನಿ ತೆಗೆದು, "ಹಿಂದೆ ಇರೋರು ಯಾರಾದ್ರೂ ಇಳಿಯೋರಿದ್ದೀರಾ?" ಎಂದು ಕೇಳಿದಳು. ಅವನಿಗೆ ನಗು ತಡೆಯಲಾಗಲಿಲ್ಲ. ಅಂದು ಪಾತ್ರೆ ತೊಳೆದವನು ಅವನೇ. ತೊಳೆಯುತ್ತಾ ಆ ಅಜ್ಜನ ಕತೆಯನ್ನು ಹೇಳಿದ, ಅವಳು ಬಾಗಿಲಿಗೆ ಒರಗಿ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ತೆಗೆದಿದ್ದ ಮರಗಳನ್ನೂ ಬೆಟ್ಟವನ್ನೂ ಚಪ್ಪಾಳೆಯ ಜನರನ್ನೂ ಅವನು ವಾಪಸ್ ಕರೆತಂದ. ಬೊಟ್ಟಿನ ಗೋಂದು ಹೋದಾಗ ಅವಳು ಇನ್ನೊಂದು ತಂದು ಅಂಟಿಸಿದಳು. ಪತ್ರಿಕೆಗೆ ಬಂದ ಜನ ಇದೇನು ಎಂದು ಕೇಳಿದರೆ, ದೃಷ್ಟಿ ತಗುಲದಿರಲಿ ಅಂತ ಎಂದು ಹೇಳಿ ಕಳಿಸುತ್ತಿದ್ದ.

ಒಂದು ಸಲ ಇಲಿ ಮಾನಿಟರಿನ ಕೇಬಲ್ ಕಡಿಯಿತು. ಅವನು ಅಲ್ಲೇ ಹತ್ತಿರದ ಅಂಗಡಿಯಿಂದ ಸಿಕ್ಕಿದ ಕೇಬಲ್ ತಂದು ಸಿಕ್ಕಿಸಿದ. ವಿಷಯ ತಿಳಿದ ಬಾಮೈದ ಗಾಬರಿಯಿಂದ ಫೋನ್ ಮಾಡಿದ.

"ಭಾವ, ಎಲ್ಲ ಕೇಬಲ್ಲಿಗೂ ಆ ವೇಗ ಆಗಲ್ಲ. ಮೂಲೆಯಲ್ಲಿ ಎಷ್ಟು ತೋರಿಸ್ತಿದೆ ನೋಡಿ ಹೇಳಿ."

"ಅಲ್ಲಿ ನಿಮ್ಮಕ್ಕ ಬೊಟ್ಟು ಇಟ್ಟಿದ್ದಾಳೆ ಕಣಯ್ಯ. ಆಮೇಲೆ ಮಾತಾಡ್ತೀನಿ, ಅವಳು ಬಂದಳು," ಎಂದು ಅವನು ಫೋನ್ ಇಟ್ಟ.

ಗುರುಗಳು ಕತೆ ನಿಲ್ಲಿಸಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ನಿಜಗುಣ ಕಾದ. ಇನ್ನೂ ಏನೋ ಇರಬೇಕೆಂದು ಅವನಿಗೆ ಅನ್ನಿಸಿತು. ಕತೆ ಅವನಿಗೆ ಹಿಡಿಸಿತ್ತು, ಆದರೆ ಬಂದ ಕೆಲಸ ಆಗಿರಲಿಲ್ಲ. ಅವನ ಬೆರಳಿನಲ್ಲಿದ್ದ ಕಾಯಿ ಆಗಿನಿಂದಲೂ ಸುಲಿಯದೆ ಹಾಗೆಯೇ ಇತ್ತು.

"ಬುದ್ಧಿ," ಎಂದ ಕೊನೆಗೆ, "ಆ ಹೊಸ ಕೇಬಲ್ಲಿನಲ್ಲಿ ಅದು ಎಷ್ಟರಲ್ಲಿ ಓಡ್ತಿತ್ತು? ನೂರ ನಲವತ್ನಾಲ್ಕೋ, ಅರವತ್ತೋ?"

ಗುರುಗಳು ತಲೆಯೆತ್ತದೆ ಹೇಳಿದರು: "ತಿಳಿಯಲೇಬೇಕು ಅನ್ನೋದಾದರೆ, ಅವರಿಬ್ಬರೂ ನಗುನಗುತ್ತಾ ಆಡುತ್ತಿರುವಾಗ ನಡುವೆ ಹೋಗಿ ನಿಂತು, ನಿನ್ನ ಕೈಯಾರೆ ಆ ಬೊಟ್ಟು ಕಿತ್ತು ನೋಡು."

ನಿಜಗುಣ ಬೆರಳಿನಲ್ಲಿದ್ದ ಕಾಯಿಯನ್ನು ಸುಲಿದು, ಮೊರದಿಂದ ಇನ್ನೊಂದನ್ನು ಎತ್ತಿಕೊಂಡ.