ಸ್ಕ್ರೂಡ್ರೈವರ್ ತಂದ ಸುದ್ದಿ

ವಿಮಾನ ರಿಪೇರಿಯ ಶೆಡ್ಡಿನಲ್ಲೊಂದು ಹಲಗೆ. ಅದರ ಮೇಲೆ ಪ್ರತಿ ಹತಾರಕ್ಕೂ ಅದರದೇ ಆಕಾರ ಬರೆದ ಜಾಗ. ಕೆಲಸ ಮುಗಿದ ಮೇಲೆ ಒಂದೇ ಒಂದು ಜಾಗ ಖಾಲಿ ಕಂಡರೂ ವಿಮಾನ ಹಾರುವಂತಿಲ್ಲ. ಕಾಣೆಯಾದ ಹತಾರ ಎಂಜಿನ್ನಿನೊಳಗೇ ಉಳಿದಿದ್ದರೆ?

ಒಂದು ದಿನ ಸುತ್ತಿಗೆ ಗುಟ್ಟಿನ ದನಿಯಲ್ಲಿ, ಇಡೀ ಹಲಗೆಗೆ ಕೇಳುವಂತೆ ಹೇಳಿತು: "ನಮ್ಮ ಕೆಲಸವನ್ನೆಲ್ಲ ಹೊರದೇಶದ ಕಂಪನಿಗೆ ಗುತ್ತಿಗೆ ಕೊಡುತ್ತಾರಂತೆ. ಮ್ಯಾನೇಜರರು ಬೆಳಗ್ಗೆಯಿಂದ ಬಾಗಿಲು ಹಾಕಿಕೊಂಡು ಮೀಟಿಂಗು ಮಾಡುತ್ತಿದ್ದಾರೆ."

"ಯಾರು ಹೇಳಿದರು?" ಎಂದಿತು ಹಳೆಯ ಸ್ಪ್ಯಾನರ್.

"ಯಾರೂ ಹೇಳಿಲ್ಲ. ಅದಕ್ಕೇ ಅನುಮಾನ."

ಸ್ಕ್ರೂಡ್ರೈವರಿಗೆ ತಡೆಯಲಾಗಲಿಲ್ಲ. "ನಾನೇ ಕೇಳಿಕೊಂಡು ಬರುತ್ತೇನೆ" ಎಂದು ಹಲಗೆಯಿಂದ ಜಾರಿ, ಮೀಟಿಂಗಿಗೆ ಹೊರಟಿದ್ದ ಕಾಫಿ ಟ್ರೇಯಲ್ಲಿ ಅಡಗಿ ಕುಳಿತಿತು.

ಐದು ಗಂಟೆ ಕಳೆದ ಮೇಲೆ ಎಂಜಲು ಲೋಟಗಳ ಜೊತೆ ಮರಳಿ ಬಂದು ಕೂಗಿತು: "ಎಲ್ಲ ಸುಳ್ಳು! ಗುತ್ತಿಗೆಯ ಮಾತೇ ಬರಲಿಲ್ಲ. ಕ್ಯಾಂಟೀನಿನ ಇಡ್ಲಿ ಯಾಕೆ ಗಟ್ಟಿ ಅಂತ ಅಷ್ಟೂ ಹೊತ್ತು ಚರ್ಚೆ!"

ಯಾರೂ ನಗಲಿಲ್ಲ. ಹಾರಬೇಕಿದ್ದ ವಿಮಾನ ಅಲ್ಲೇ ನಿಂತಿತ್ತು. ನಲವತ್ತು ಜನ ಅದರ ಎಂಜಿನ್ ಬಿಚ್ಚಿ, ಟಾರ್ಚ್ ಹಿಡಿದು ಸ್ಕ್ರೂಡ್ರೈವರನ್ನೇ ಹುಡುಕುತ್ತಿದ್ದರು. ಅಷ್ಟರಲ್ಲಿ ಮ್ಯಾನೇಜರರು ಧಾವಿಸಿ ಬಂದು ಗುಡುಗಿದರು:

"ಒಂದು ಸ್ಕ್ರೂಡ್ರೈವರ್ ಹುಡುಕಲು ಐದು ಗಂಟೆಯೇ? ಇನ್ನು ಮುಂದೆ ವಿಮಾನಗಳನ್ನು ಹೊರದೇಶಕ್ಕೇ ಕಳಿಸಿ, ಅವರೇ ರಿಪೇರಿ ಮಾಡಲಿ!"

ಹಲಗೆಯ ಮೇಲೆ ಸುತ್ತಿಗೆ ಎದೆಯುಬ್ಬಿಸಿತು. "ನೋಡಿದಿರಾ? ನನ್ನ ಸುದ್ದಿ ಎಂದಾದರೂ ಸುಳ್ಳಾಗಿದೆಯೇ?"