ಚಿಕ್ಕೀರ ವೈರು ಕೂಡಿಸಿದ್ದು

ಬನ್ರಪ್ಪಾ, ಸರ್ಕೊಂಡು ಕೂತ್ಕೊಳ್ಳಿ. ನಗೋರು ಮುಂದೆ ಬನ್ನಿ, ನಗದೇ ಇರೋರು ಗೋಡೆಗೆ ಒರಗಿ.

ತಿಪಟೂರಿನ ಕಡೆ ಒಂದು ಊರಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಚಿಕ್ಕೀರ. ಆಳು ಎತ್ತರ, ಗುಣ ಬಂಗಾರ, ಬುದ್ಧಿ ಮಾತ್ರ ಅಷ್ಟಕ್ಕಷ್ಟೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. "ಹಾಲು ಉಕ್ಕಿದರೆ ಕೂಗು" ಅಂದರೆ, ಪೂರ್ತಿ ಉಕ್ಕೋವರೆಗೂ ನೋಡ್ತಾ ಕೂತು ಆಮೇಲೆ ಕೂಗೋನು.

"ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಕೈ ಹಿಡಿಯೋರು ಯಾರೋ ಮಗನೇ?" ಅಂತ ಹಾಲಮ್ಮ ಅಳೋಳು.

"ಯಾಕವ್ವ ಮುಚ್ತೀಯಾ? ತೆರ್ಕೊಂಡೇ ಇರು!" ಅನ್ನೋನು ಇವನು.

ಹಾಲಮ್ಮನ ತಮ್ಮ ಓಂಕಾರಪ್ಪ ತಿಪಟೂರಲ್ಲಿ ಅಂಗಡಿ, ಆಫೀಸುಗಳಿಗೆ ಕಂಪ್ಯೂಟರ್ ವೈರು ಎಳೆಯೋ ಕೆಲಸ ಮಾಡ್ತಿದ್ದ. ಅವನಿಗೊಬ್ಬಳು ಮಗಳು, ಮಂಗಳಿ. ಹಾಲಮ್ಮ ಹೋಗಿ ತಮ್ಮನ ಮುಂದೆ ಸೆರಗೊಡ್ಡಿದಳು. ಓಂಕಾರಪ್ಪ ತಲೆ ಕೆರೆದುಕೊಂಡು ಹೇಳಿದ: "ನೋಡಕ್ಕಾ, ಕೊಬ್ಬರಿ ಮಂಡಿ ಸಾಹುಕಾರರ ಹಳೇ ಆಫೀಸಲ್ಲಿ ಒಂದು ಥರ ವೈರು, ಹೊಸ ಆಫೀಸಲ್ಲಿ ಇನ್ನೊಂದು ಥರ. ಎರಡನ್ನೂ ಕೂಡಿಸಬೇಕು. ನಿನ್ನ ಮಗ ಅದನ್ನ ಕೂಡಿಸಲಿ, ನನ್ನ ಮಗಳನ್ನ ಕೊಡ್ತೀನಿ!"

ಸರಿ, ಚಿಕ್ಕೀರ ಕೆಲಸಕ್ಕೆ ಸೇರಿದ. ಹಳೇ ಆಫೀಸಲ್ಲಿ ಕರೀ ಗುಂಡು ವೈರು. ಒಂದು ಕಂಪ್ಯೂಟರಿಂದ ಪಕ್ಕದ ಕಂಪ್ಯೂಟರಿಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ, ಹಿಂಗೇ ಪೋಣಿಸಿದ್ದರು.

"ನಡುವಿನ ಕಂಪ್ಯೂಟರು ಕೆಟ್ಟೈತೆ, ಬಿಚ್ಕೊಂಡು ಬಾ" ಅಂದ ಮಾವ.

ಬಿಚ್ಚಿದ ನೋಡಿ! ವೈರು, ವೈರು ಕೂಡೋ ಕೀಲು, ಎಲ್ಲಾ ಬಿಚ್ಚಿ ಹೆಗಲ ಮೇಲೆ ಹೊತ್ಕೊಂಡು ಬಂದ. ಹಳೇ ಆಫೀಸಿನ ಅಷ್ಟೂ ಕಂಪ್ಯೂಟರು ಮೂಕಾದವು. ಸಾಹುಕಾರರು ಬಾಯಿ ಬಡ್ಕೊಂಡರು.

"ಅಯ್ಯೋ ದಡ್ಡ! ಅದು ಒಬ್ಬರ ಕೈ ಒಬ್ಬರು ಹಿಡ್ಕೊಂಡು ನಿಂತ ಸಾಲು ಕಣೋ! ನಡುವಿನೋರು ಎದ್ದು ಹೋದ್ರೆ ಲೈನೇ ಸತ್ತೋಗ್ತದೆ! ಎರಡು ತುದೀಗೂ ಮುಚ್ಚಳ ಇರಬೇಕು, ತುದಿ ಬರೀದು ಬಿಡಬಾರದು. ತಿಳೀತಾ?"

"ತಿಳೀತು ಮಾವ! ತುದಿ ಬರೀದು ಬಿಡಬಾರದು!"

ಮಾರನೇ ದಿನ ಹೊಸ ಆಫೀಸು. ಅಲ್ಲಿ ಬೂದಿ ಬಣ್ಣದ ವೈರು, ಒಳಗೆ ಜೋಡಿ ಜೋಡಿ ಎಳೆ ಹುರಿ ಹೊಸೆದಿರೋದು. ನಡುವೆ ತೂತು ತೂತಿನ ಒಂದು ಡಬ್ಬಿ. ಮಾವ ಊಟಕ್ಕೆ ಹೋದ. ಚಿಕ್ಕೀರ ನೋಡ್ತಾನೆ, ಎಷ್ಟೊಂದು ತುದಿ, ಎಲ್ಲಾ ಬರೀದು! ಮುಚ್ಚಳ ಎಲ್ಲಿ ತರೋದು? ಮಂಡಿ ಹಿತ್ತಲಲ್ಲಿ ತೆಂಗಿನ ಚಿಪ್ಪಿಗೇನು ಬರ? ಒಂದೊಂದು ತುದೀಗೂ ಒಂದೊಂದು ಚಿಪ್ಪು ಕವುಚಿ, ದಾರ ಸುತ್ತಿ ಕಟ್ಟಿದ.

ಅಪ್ಪನಿಗೆ ಮಜ್ಜಿಗೆ ತಂದ ಮಂಗಳಿ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕಳು. ಓಂಕಾರಪ್ಪ ನಗಲಿಲ್ಲ.

"ಅಯ್ಯೋ ದಡ್ಡ! ಇದಕ್ಕೆ ಮುಚ್ಚಳ ಬೇಡ ಕಣೋ! ಒಂದೊಂದು ಕಂಪ್ಯೂಟರಿಂದ ಒಂದೊಂದು ವೈರು, ಎಲ್ಲಾನೂ ನಡುವಿನ ಡಬ್ಬಿಗೆ ತಂದು ಚುಚ್ಚಬೇಕು. ತಿಳೀತಾ?"

"ತಿಳೀತು ಮಾವ! ಎಲ್ಲಾನೂ ಡಬ್ಬಿಗೆ!"

ಮಾರನೇ ದಿನ ಹಳೇ ಆಫೀಸಿಗೆ ಹೋದೋನೇ ಕತ್ತರಿ ತೆಗೆದ. ಪೋಣಿಸಿದ್ದ ಗುಂಡು ವೈರನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನೂ ಒಯ್ದು ಹೊಸ ಆಫೀಸಿನ ಡಬ್ಬಿಯ ತೂತಿಗೆ ತುರುಕೋಕೆ ಹೊರಟ. ಹೊರಗೆ ಕೊಬ್ಬರಿ ಹರಾಜು ನಡೀತಾ ಐತೆ, ಒಳಗೆ ರೇಟು ನೋಡೋಕೆ ಒಂದು ಕಂಪ್ಯೂಟರೂ ಇಲ್ಲ!

"ನಾಳೆ ಸಂಜೆ ಒಳಗೆ ಎರಡೂ ಆಫೀಸು ಕೂಡಲಿಲ್ಲ ಅಂದ್ರೆ ನಿನ್ನ ಕೆಲಸಕ್ಕೆ ಕೈ ಮುಗಿದೆ!" ಅಂತ ಸಾಹುಕಾರರು ಓಂಕಾರಪ್ಪನ ಮೇಲೆ ಹಾರಿಬಿದ್ದರು.

ಮನೆಗೆ ಬಂದು ಓಂಕಾರಪ್ಪ, ಮಗನ ಜೊತೆ ಬಂದು ಅಲ್ಲೇ ಉಳಿದಿದ್ದ ಅಕ್ಕನಿಗೆ ಅಂದ: "ಆಗಲ್ಲ ಅಕ್ಕಾ. ಇವನಿಗೆ ಹೆಣ್ಣು ಕೊಡೋದು ಆಗಲ್ಲ." ಹಾಲಮ್ಮ ಗೋಡೆ ಕಡೆ ತಿರುಗಿ ಕೂತಳು.

ಮಂಗಳಿ ಒಳಗಿಂದ ಬಂದಳು. "ಅಪ್ಪಾ, ಬೈದಿದ್ದು ಸಾಕು. ಹೇಳಿದ್ದನ್ನ ಹೇಳಿದಂಗೆ ಮಾಡೋ ಗಂಡು ಇನ್ನೆಲ್ಲಿ ಸಿಗ್ತಾನೆ ನನಗೆ? ನೀವು ಕೆಲಸ ಕೆಟ್ಟ ಮೇಲೆ ಹೇಳ್ತೀರಿ, ಅವನು ಅದನ್ನ ಮಾರನೇ ದಿನದ ಕೆಲಸಕ್ಕೆ ಹಚ್ತಾನೆ. ನಾಳೆ ಕೆಲಸಾನ ಇವತ್ತೇ ಹೇಳಿ ನೋಡಿ!"

ಓಂಕಾರಪ್ಪ ಚಿಕ್ಕೀರನ ಕಡೆ ತಿರುಗಿ ಹೇಳಿದ: "ಕೇಳೋ. ಹೊಸ ಗುಂಡು ವೈರು ತಂದು, ಮೊದಲು ಪೋಣಿಸಿದ್ದಂಗೇ ಪೋಣಿಸು. ಒಂದು ತುದೀಗೆ ಮುಚ್ಚಳ ಹಾಕು. ಇನ್ನೊಂದು ತುದೀನ ಹೊಸ ಆಫೀಸಿನ ಡಬ್ಬಿ ಬೆನ್ನಿಗಿರೋ ಗುಂಡು ಮೂತಿಗೆ ಕೂಡಿಸಿ, ಆ ಕೀಲಿಗೂ ಮುಚ್ಚಳ ಹಾಕು. ಎರಡು ಬೇರೆ ಬೇರೆ ಥರದೋವನ್ನ ಯಾವತ್ತೂ ಸೀದಾ ಕೂಡಿಸಂಗಿಲ್ಲ! ನಡುವೆ ಡಬ್ಬಿ ಇರಲೇಬೇಕು. ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ಅದೇ ಹೇಳ್ತದೆ."

ಹೇಳಿದ ಹಾಗೇ ಮಾಡಿದ ಚಿಕ್ಕೀರ. ಸಂಜೆ ಹೊಸ ಆಫೀಸಲ್ಲಿ ಒತ್ತಿದರೆ ಹಳೇ ಆಫೀಸಲ್ಲಿ ರೇಟು ಕಾಣ್ತು! ಸಾಹುಕಾರರು ಭೇಷ್ ಅಂದರು. ಓಂಕಾರಪ್ಪ ಕೊಟ್ಟ ಮಾತು ಉಳಿಸಿಕೊಂಡ. ಹಾಲಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮದುವೆ ದಿನ ಬಂತು. ವಾಲಗ ಜೋರು, ಜನ ಕಿಕ್ಕಿರಿದು ನಿಂತರು. ಅಯ್ಯನೋರು "ಹುಡುಗಿ ಕೈ ಹಿಡಿಯಪ್ಪಾ" ಅಂದರು.

ಚಿಕ್ಕೀರ ದಡಕ್ಕನೆ ಎದ್ದು ನಿಂತ. "ತಡೀರಿ! ಅವಳು ಪೇಟೆಯೋಳು, ನಾನು ಹಳ್ಳಿಯೋನು. ಬೇರೆ ಬೇರೆ ಥರ! ಸೀದಾ ಕೂಡಿಸಂಗಿಲ್ಲ! ನಡುವೆ ಡಬ್ಬಿ ಇರಲೇಬೇಕು!"

ಅಂದೋನೇ ಹಾಲಮ್ಮನನ್ನು ಎಳೆದು ತಂದು ನಡುವೆ ಕೂರಿಸಿದ. ಅವ್ವನ ಒಂದು ಕೈ ಮಂಗಳಿ ಕೈಗೆ, ಇನ್ನೊಂದು ಕೈ ತಾನು ಹಿಡ್ಕೊಂಡ. ಈಚೆ ನೋಡಿದ, ಆಚೆ ನೋಡಿದ. ಎರಡು ತುದೀನೂ ಬರೀದು! ಮಡಿಲಿಂದ ಎರಡು ತೆಂಗಿನ ಚಿಪ್ಪು ತೆಗೆದು, ಒಂದನ್ನ ಮಂಗಳಿ ತಲೆ ಮೇಲೆ, ಒಂದನ್ನ ತನ್ನ ತಲೆ ಮೇಲೆ ಕವುಚಿದ.

ಮಂಟಪವೆಲ್ಲಾ ಗೊಳ್ ಅಂತು. ಓಂಕಾರಪ್ಪ ತಲೆ ಮೇಲೆ ಕೈ ಹೊತ್ತ. ಹಾಲಮ್ಮ ನಾಚಿಕೆಯಿಂದ ಏಳಕ್ಕೆ ಹೋದಳು. "ಬಿಡೋ ಮಗನೇ! ನಿನ್ನ ಕೈ ಹಿಡಿಯೋಳು ಬಂದಳಲ್ಲ, ಇನ್ನು ನಾನು ಎದ್ದು ಹೋಗ್ತೀನಿ!"

"ಬೇಡ ಕಣವ್ವ! ನಡುವಿನೋರು ಎದ್ದು ಹೋದ್ರೆ ಲೈನೇ ಸತ್ತೋಗ್ತದೆ!"

ಹಾಲಮ್ಮನಿಗೆ ಅಳು ಬಂತು, ಅಳ್ತಾ ಅಳ್ತಾ ನಗು ಬಂತು. ಮಂಗಳಿ ತನ್ನ ತಲೆ ಮೇಲಿನ ಚಿಪ್ಪು ಬೀಳದ ಹಾಗೆ ಒಂದು ಕೈಯಲ್ಲಿ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಅತ್ತೆಯನ್ನು ಗಟ್ಟಿಯಾಗಿ ಕೂರಿಸಿದಳು.

"ಕೂತ್ಕೊಳ್ಳಿ ಅತ್ತೆ. ನಾಳೆ ನಾವು ಜಗಳ ಆಡಿದ್ರೆ ಅವರ ಮಾತು ನನಗೆ, ನನ್ನ ಮಾತು ಅವರಿಗೆ ಹೇಳೋರು ಯಾರು?"

ಆ ಮದುವೆ ಫೋಟೋ ಇವತ್ತಿಗೂ ಓಂಕಾರಪ್ಪನ ಪಡಸಾಲೆಯಲ್ಲಿ ಐತೆ. ಆ ತುದಿಗೊಂದು ಚಿಪ್ಪು, ಈ ತುದಿಗೊಂದು ಚಿಪ್ಪು, ನಡುವೆ ಹಾಲಮ್ಮ ಎರಡೂ ಕೈ ಕೊಟ್ಕೊಂಡು ನಗ್ತಾ ಕೂತವಳೆ. ಹೊಸಬರು ಯಾರು ಬಂದರೂ ಮದುಮಗಳು ಅವಳೇ ಅಂದ್ಕೊಳ್ತಾರೆ.